ತಾತ್ಕಾಲಿಕ ಶಿಕ್ಷಕಿಯ ಹಳೆಯ ನೌಕರಿ: ವರ್ಜೀನಿಯಾದ 2018ರ ಒಂದು ಚುನಾವಣಾ ಪ್ರಕರಣ

ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಸೂಕ್ಷ್ಮ ಹುದ್ದೆಗೆ ಸೇರಬೇಕಾದವರೆಲ್ಲ ತುಂಬಬೇಕಾದ ಅರ್ಜಿಯೊಂದಿದೆ. ಅದರ ಹೆಸರು ಎಸ್‌ಎಫ್-86. ಈಗ ಅದು ನೂರಕ್ಕೂ ಹೆಚ್ಚು ಪುಟಗಳಷ್ಟು ಬೆಳೆದಿದೆ. ಎಲ್ಲೆಲ್ಲಿ ವಾಸವಿದ್ದಿರಿ, ಯಾರ ಕೈಕೆಳಗೆ ದುಡಿದಿರಿ, ಯಾವ ವಿದೇಶಿಯರ ಸಂಪರ್ಕವಿದೆ, ಸಾಲ ಎಷ್ಟಿದೆ, ಮಾದಕ ವಸ್ತು ಮುಟ್ಟಿದ್ದೀರಾ, ಮಾನಸಿಕ ಆರೋಗ್ಯಕ್ಕೆ ಚಿಕಿತ್ಸೆ ಪಡೆದಿದ್ದೀರಾ ಎಂದು ಅದು ಕೇಳುತ್ತಾ ಹೋಗುತ್ತದೆ. ಬೇಕೆಂದೇ ಸುಳ್ಳು ಬರೆದರೆ ಐದು ವರ್ಷಗಳವರೆಗೆ ಜೈಲು. ಹೀಗಾಗಿ ಬುದ್ಧಿಯಿರುವವರು ಅದರಲ್ಲಿ ಏನನ್ನೂ ಬಿಡುವುದಿಲ್ಲ. ಕೆಲವೇ ತಿಂಗಳು ಮಾಡಿದ ಸಣ್ಣ ನೌಕರಿಯನ್ನೂ ಬರೆಯುತ್ತಾರೆ.

ಅಬಿಗೈಲ್ ಸ್ಪ್ಯಾನ್‌ಬರ್ಗರ್ ಕೂಡ ಬರೆದಿದ್ದರು. 2002-03ರ ಹೊತ್ತಿಗೆ ಅವರಿಗೆ ಕೇಂದ್ರ ಗುಪ್ತಚರ ಸಂಸ್ಥೆ ಸಿಐಎಯಲ್ಲಿ ಷರತ್ತಿನ ಮೇಲೆ ಕೆಲಸ ಸಿಕ್ಕಿತ್ತು. ಹಿನ್ನೆಲೆ ಪರಿಶೀಲನೆ ಮುಗಿಯುವವರೆಗೆ ಸೇರುವಂತಿರಲಿಲ್ಲ, ಆ ಪರಿಶೀಲನೆ ಎಷ್ಟು ಕಾಲ ಹಿಡಿಯುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಅಷ್ಟರವರೆಗೆ ಹೊಟ್ಟೆಪಾಡಿಗೆ ಅವರು ಉತ್ತರ ವರ್ಜೀನಿಯಾದ ಒಂದು ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿಯಾಗಿ ಇಂಗ್ಲಿಷ್ ಸಾಹಿತ್ಯ ಕಲಿಸಿದರು. ಶಾಲೆಯ ಹೆಸರು ಇಸ್ಲಾಮಿಕ್ ಸೌದಿ ಅಕಾಡೆಮಿ.

ಹದಿನೈದು ವರ್ಷಗಳ ನಂತರ ಅವರು ವರ್ಜೀನಿಯಾದ 7ನೇ ಕ್ಷೇತ್ರದಿಂದ ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿಗಳ ಸದನಕ್ಕೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದಾಗ, ಈ ನೌಕರಿ ಟಿವಿ ಜಾಹೀರಾತಿನ ವಿಷಯವಾಯಿತು. ಅಭ್ಯರ್ಥಿಯ ಉದ್ಯೋಗದ ಬಗ್ಗೆ ಚುನಾವಣೆಯಲ್ಲಿ ಟೀಕೆ ಬರುವುದು ಹೊಸದೇನಲ್ಲ. ವಕೀಲರಾದರೆ ಯಾವ ಕಕ್ಷಿದಾರರ ಪರ ವಾದಿಸಿದರು ಎಂದು ಕೇಳುತ್ತಾರೆ. ಉದ್ಯಮಿಯಾದರೆ ಎಷ್ಟು ಜನರನ್ನು ಕೆಲಸದಿಂದ ತೆಗೆದರು ಎಂದು ಕೇಳುತ್ತಾರೆ. ಅದೆಲ್ಲ ನ್ಯಾಯವಾದ ಪ್ರಶ್ನೆಯೇ. ಸ್ಪ್ಯಾನ್‌ಬರ್ಗರ್ ಪ್ರಕರಣವನ್ನು ಬಿಡಿಸಿ ನೋಡಬೇಕಾದದ್ದು ಬೇರೆ ಕಾರಣಕ್ಕೆ. ಇಲ್ಲಿ ಟೀಕೆಗೆ ಬೇಕಾದ ಮಾಹಿತಿ ಸರ್ಕಾರದ ಬೀರುವಿನಿಂದ ಹೊರಬಂದಿತ್ತು, ಮತ್ತು ಟೀಕೆ ಮಾಡಿದವರು ತಮ್ಮ ಕೈಯಲ್ಲಿದ್ದ ಅದೇ ಕಡತ ಹೇಳುತ್ತಿದ್ದ ಉಳಿದ ಕಥೆಯನ್ನು ಮತದಾರರಿಗೆ ಹೇಳಲಿಲ್ಲ.

ಮೊದಲು ಕ್ಷೇತ್ರ. ಆಗಿನ 7ನೇ ಕ್ಷೇತ್ರದಲ್ಲಿ ಹತ್ತು ಕೌಂಟಿಗಳಿದ್ದವು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ). ಉತ್ತರದ ಕಲ್‌ಪೆಪರ್‌ನಿಂದ ದಕ್ಷಿಣದ ನೊಟ್ಟೊವೇವರೆಗೆ ಹೊಲ, ಕಾಡು, ಸಣ್ಣ ಊರುಗಳು. ನಡುವೆ ರಿಚ್ಮಂಡ್ ನಗರದ ಎರಡು ದೊಡ್ಡ ಉಪನಗರ ಕೌಂಟಿಗಳಾದ ಹೆನ್‌ರೈಕೊ ಮತ್ತು ಚೆಸ್ಟರ್‌ಫೀಲ್ಡ್‌ನ ಭಾಗಗಳು. 1970ರ ದಶಕದ ಆರಂಭದಿಂದಲೂ ಅದು ರಿಪಬ್ಲಿಕನ್ ಪಕ್ಷದ ಕೈಯಲ್ಲೇ ಇತ್ತು. 2016ರಲ್ಲಿ ಡೊನಾಲ್ಡ್ ಟ್ರಂಪ್ ಅಲ್ಲಿ ಆರು ಶೇಕಡಾ ಅಂಶಗಳಿಗೂ ಹೆಚ್ಚಿನ ಅಂತರದಿಂದ ಮುಂದಿದ್ದರು.

ಆಗ ಹಾಲಿ ಸದಸ್ಯ ರಿಪಬ್ಲಿಕನ್ ಪಕ್ಷದ ಡೇವ್ ಬ್ರ್ಯಾಟ್. ರ‍್ಯಾಂಡಾಲ್ಫ್-ಮೇಕನ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 2014ರ ಜೂನ್‌ನಲ್ಲಿ ತಮ್ಮದೇ ಪಕ್ಷದ ಸದನ ಬಹುಮತ ನಾಯಕ ಎರಿಕ್ ಕ್ಯಾಂಟರ್ ಅವರನ್ನು ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ಸೋಲಿಸಿ ದೇಶವನ್ನೇ ಬೆರಗುಗೊಳಿಸಿದ್ದರು. ಆ ವರ್ಷದ ಅಂತಿಮ ಚುನಾವಣೆಯಲ್ಲಿ ಅವರ ಡೆಮಾಕ್ರಟಿಕ್ ಎದುರಾಳಿಯೂ ಅದೇ ಕಾಲೇಜಿನ ಅಧ್ಯಾಪಕರು. ಪಾಠ ಹೇಳುವ ಕೆಲಸ ಆಗ ಇಬ್ಬರಿಗೂ ಮೆರುಗು ತಂದಿತ್ತು. ನಾಲ್ಕೇ ವರ್ಷಗಳಲ್ಲಿ ಅದೇ ಕ್ಷೇತ್ರದಲ್ಲಿ ಮತ್ತೊಬ್ಬರ ಪಾಠ ಹೇಳುವ ಕೆಲಸ ಕಳಂಕವಾಗಿ ಕಾಣಿಸಿಕೊಂಡಿತು.

ಸ್ಪ್ಯಾನ್‌ಬರ್ಗರ್ ಹದಿಹರೆಯವನ್ನು ಹೆನ್‌ರೈಕೊದಲ್ಲೇ ಕಳೆದವರು, ವರ್ಜೀನಿಯಾ ವಿಶ್ವವಿದ್ಯಾಲಯದ ಪದವೀಧರೆ. ಸೌದಿ ಶಾಲೆಯ ತಾತ್ಕಾಲಿಕ ಕೆಲಸದ ನಂತರ ಅಮೆರಿಕದ ಅಂಚೆ ತನಿಖಾ ಸೇವೆ ಸೇರಿ ಹಣ ಅಕ್ರಮ ವರ್ಗಾವಣೆ ಮತ್ತು ಮಾದಕ ವಸ್ತುಗಳ ಪ್ರಕರಣಗಳ ತನಿಖೆ ನಡೆಸಿದರು. 2006ರಲ್ಲಿ ಸಿಐಎ ಸೇರಿ 2014ರವರೆಗೆ ಅಲ್ಲಿದ್ದರು. ಪ್ರಚಾರದಲ್ಲಿ ಅವರ ದೊಡ್ಡ ಬಂಡವಾಳವೇ ಈ ಹಿನ್ನೆಲೆ. ರಿಪಬ್ಲಿಕನ್ ಒಲವಿನ ಕ್ಷೇತ್ರದಲ್ಲಿ ಡೆಮಾಕ್ರಟ್ ಒಬ್ಬರು ದೇಶದ ಭದ್ರತೆಗಾಗಿ ದುಡಿದೆ ಎಂದು ಹೇಳಿಕೊಳ್ಳುವಂತಾದರೆ ಅರ್ಧ ಕೋಟೆ ಗೆದ್ದಂತೆ. ಎದುರಾಳಿಗಳಿಗೆ ಇದು ಗೊತ್ತಿತ್ತು. ಬಲವಿರುವ ಜಾಗಕ್ಕೇ ಏಟು ಬಿದ್ದದ್ದು ಆಕಸ್ಮಿಕವಲ್ಲ.

ಕಡತ ಹೊರಬಂದ ದಾರಿ ಹೀಗಿತ್ತು. ಅಮೆರಿಕದ ಚುನಾವಣೆಗಳಲ್ಲಿ ಎದುರಾಳಿಯ ಹಳೆಯ ದಾಖಲೆ ಕೆದಕುವುದೇ ಕಸುಬಾಗಿರುವ ಸಂಸ್ಥೆಗಳಿವೆ. ರಿಪಬ್ಲಿಕನ್ ಪಕ್ಷದ ಕಡೆ ಅಂಥದ್ದೊಂದು ಅಮೆರಿಕಾ ರೈಸಿಂಗ್. 2018ರ ಬೇಸಿಗೆಯಲ್ಲಿ ಅದು ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಸ್ಪ್ಯಾನ್‌ಬರ್ಗರ್ ಅವರ ಸೇವಾ ದಾಖಲೆ ಕೇಳಿ ಅರ್ಜಿ ಹಾಕಿತು. ನಮ್ಮ 2005ರ ಮಾಹಿತಿ ಹಕ್ಕು ಕಾಯ್ದೆಗಿಂತ ಸುಮಾರು ನಾಲ್ಕು ದಶಕ ಹಳೆಯದಾದ ಆ ಕಾನೂನಿನಲ್ಲೂ ವೈಯಕ್ತಿಕ ಖಾಸಗಿತನಕ್ಕೆ ಧಕ್ಕೆ ತರುವ ಮಾಹಿತಿಯನ್ನು ಕೊಡಬೇಕಾಗಿಲ್ಲ ಎಂಬ ವಿನಾಯಿತಿ ಇದೆ. ಅದರ ಜೊತೆಗೆ 1974ರ ಖಾಸಗಿತನ ಕಾಯ್ದೆಯೂ ಇದೆ. ಸರ್ಕಾರಿ ನೌಕರರ ಬಗ್ಗೆ ಮೂರನೆಯವರು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಹೆಸರು, ಹುದ್ದೆ, ದರ್ಜೆ, ಸಂಬಳ, ಕೆಲಸ ಮಾಡಿದ ಸ್ಥಳ, ಇಷ್ಟೇ.

ಈ ಸಲ ಸಿಕ್ಕಿದ್ದು ಇಡೀ ಕಡತ. ಅರ್ಜಿ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಿಂದ ಅಂಚೆ ಇಲಾಖೆಗೆ ಬಂತು; ಜುಲೈ ತಿಂಗಳ ಕೊನೆಯಲ್ಲಿ ಅಂಚೆ ಇಲಾಖೆ ಕಡತವನ್ನು ಕಳುಹಿಸಿಬಿಟ್ಟಿತು. ಅದರೊಳಗೆ ಎಸ್‌ಎಫ್-86 ಇತ್ತು. ಸಾಮಾಜಿಕ ಭದ್ರತಾ ಸಂಖ್ಯೆ, ವೈದ್ಯಕೀಯ ವಿವರ ಯಾವುದಕ್ಕೂ ಮಸಿ ಬಳಿದಿರಲಿಲ್ಲ. 2015ರಲ್ಲಿ ಇದೇ ಬಗೆಯ ಅರ್ಜಿಗಳಿರುವ ಸರ್ಕಾರಿ ಕಂಪ್ಯೂಟರ್‌ಗಳಿಗೆ ಕನ್ನ ಬಿದ್ದು 2 ಕೋಟಿಗೂ ಹೆಚ್ಚು ಜನರ ವಿವರ ಕಳುವಾದಾಗ ಅಮೆರಿಕ ಅದನ್ನು ರಾಷ್ಟ್ರೀಯ ಭದ್ರತೆಯ ಅವಘಡವೆಂದು ಕರೆದಿತ್ತು. ಅಂಥ ಅರ್ಜಿಯೊಂದು ಮೂರು ವರ್ಷಗಳ ನಂತರ ಒಂದು ರಾಜಕೀಯ ಗುಂಪಿನ ಕೈ ಸೇರಿತು, ಅದೂ ಮಾಜಿ ಸಿಐಎ ಅಧಿಕಾರಿಯೊಬ್ಬರದು.

ಅಮೆರಿಕಾ ರೈಸಿಂಗ್‌ನಿಂದ ಕಡತ ಹೋಗಿದ್ದು ಕಾಂಗ್ರೆಷನಲ್ ಲೀಡರ್‌ಶಿಪ್ ಫಂಡ್ ಎಂಬ ಸೂಪರ್ ಪ್ಯಾಕ್‌ಗೆ. 2010ರ ನ್ಯಾಯಾಲಯದ ತೀರ್ಪುಗಳ ನಂತರ ಹುಟ್ಟಿಕೊಂಡ ಸೂಪರ್ ಪ್ಯಾಕ್‌ಗಳು ಮಿತಿಯಿಲ್ಲದೆ ಹಣ ಸಂಗ್ರಹಿಸಿ ಮಿತಿಯಿಲ್ಲದೆ ಖರ್ಚು ಮಾಡಬಹುದು, ಆದರೆ ಅಭ್ಯರ್ಥಿಯ ಜೊತೆ ಸೇರಿ ತಂತ್ರ ಹೂಡುವಂತಿಲ್ಲ. ಕಾಂಗ್ರೆಷನಲ್ ಲೀಡರ್‌ಶಿಪ್ ಫಂಡ್ ಆಗಿನ ಸದನದ ಅಧ್ಯಕ್ಷ ಪಾಲ್ ರಯನ್ ಅವರ ಬಳಗಕ್ಕೆ ಹತ್ತಿರವಾಗಿತ್ತು. ಈ ವ್ಯವಸ್ಥೆಯ ಅನುಕೂಲ ಒಂದೇ, ಆದರೆ ದೊಡ್ಡದು: ಕೆಸರು ಎರಚುವವರು ಬೇರೆ, ಅದರಿಂದ ಲಾಭ ಪಡೆಯುವವರು ಬೇರೆ. ಅಭ್ಯರ್ಥಿ ಕೈ ತೊಳೆದುಕೊಂಡು ನಿಲ್ಲಬಹುದು.

ಸುದ್ದಿಸಂಸ್ಥೆಯೊಂದರ ಕೈಗೂ ಕಡತದ ಪ್ರತಿ ಬಂದದ್ದರಿಂದ ವಿಷಯ ಸ್ಪ್ಯಾನ್‌ಬರ್ಗರ್ ಅವರಿಗೆ ಗೊತ್ತಾಯಿತು. ಆಗಸ್ಟ್ 28ರಂದು ಅವರು ಸೂಪರ್ ಪ್ಯಾಕ್‌ನ ಕಾರ್ಯನಿರ್ವಾಹಕ ನಿರ್ದೇಶಕ ಕೋರಿ ಬ್ಲಿಸ್ ಅವರಿಗೆ ಪತ್ರ ಬರೆದು, ತನ್ನ ಭದ್ರತಾ ಅರ್ಜಿಯ ಎಲ್ಲ ಪ್ರತಿಗಳನ್ನೂ ನಾಶಪಡಿಸಬೇಕು, ಅದರಲ್ಲಿನ ಮಾಹಿತಿಯನ್ನು ಬಳಸಬಾರದು ಎಂದು ಒತ್ತಾಯಿಸಿದರು. ಮಾಹಿತಿ ಕಾನೂನುಬಾಹಿರವಾಗಿ ದಕ್ಕಿದೆ ಎಂಬುದು ಅವರ ಆರೋಪ. ಸೂಪರ್ ಪ್ಯಾಕ್ ಇದನ್ನು ತಳ್ಳಿಹಾಕಿ, ಮಾಹಿತಿ ಕಾಯ್ದೆಯಡಿ ಕೇಳಿದೆವು, ಸರ್ಕಾರ ಕೊಟ್ಟಿತು ಎಂದು ದಾಖಲೆ ಸಮೇತ ಉತ್ತರಿಸಿತು. ಎರಡು ದಿನಗಳಲ್ಲಿ ಅಂಚೆ ಇಲಾಖೆ ಬಾಯಿ ಬಿಟ್ಟಿತು: ಕಡತ ಕೊಟ್ಟದ್ದು ತಪ್ಪು, ಅದು ಮಾನವ ದೋಷ, ವಿಷಾದಿಸುತ್ತೇವೆ. ಇನ್ನೂ ಕೆಲವರ ಕಡತಗಳು ಹೀಗೆಯೇ ಅನುಚಿತವಾಗಿ ಹೊರಹೋಗಿವೆ ಎಂದೂ ಒಪ್ಪಿಕೊಂಡಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಡತ ಕದ್ದದ್ದಲ್ಲ ಎಂಬ ಸೂಪರ್ ಪ್ಯಾಕ್‌ನ ಮಾತು ನಿಜ. ಅಂಚೆ ಇಲಾಖೆಯವರೇ ಲಕೋಟೆಗೆ ಹಾಕಿ ಕಳುಹಿಸಿದರು. ಮಾಹಿತಿ ಕೇಳಿ ಅರ್ಜಿ ಹಾಕುವುದು ಯಾರದ್ದೇ ಹಕ್ಕು. ಸ್ಪ್ಯಾನ್‌ಬರ್ಗರ್ ಅವರ ಮೊದಲ ಆರೋಪ ಆ ಮಟ್ಟಿಗೆ ಅವಸರದ್ದು. ಆದರೆ ಲಕೋಟೆ ಬಿಚ್ಚಿದವರು ರಾಜಕೀಯದಲ್ಲಿ ನುರಿತವರು. ಒಬ್ಬರ ಸಾಮಾಜಿಕ ಭದ್ರತಾ ಸಂಖ್ಯೆ ಮತ್ತು ವೈದ್ಯಕೀಯ ವಿವರ ಕಣ್ಣ ಮುಂದೆ ಬಂದಾಗ ಅದು ಬರಬಾರದಾಗಿತ್ತು ಎಂದು ತಿಳಿಯಲು ಅವರಿಗೆ ಕಾನೂನು ಪಂಡಿತರು ಬೇಕಿರಲಿಲ್ಲ. ಇಲಾಖೆ ಕಡತ ಹಿಂದಿರುಗಿಸಿ ಎಂದು ಕೇಳಿದ ಮೇಲೂ ಅವರು ಕಿವಿಗೊಡಲಿಲ್ಲ. ದಾರಿಯಲ್ಲಿ ಸಿಕ್ಕ ಪರ್ಸಿನಲ್ಲಿ ವಾರಸುದಾರರ ವಿಳಾಸ ಇದ್ದೂ ಅದನ್ನು ಇಟ್ಟುಕೊಂಡವರನ್ನು ಊರಿನಲ್ಲಿ ಕಳ್ಳರೆಂದು ಕರೆಯದಿರಬಹುದು, ಸಂಭಾವಿತರೆಂದಂತೂ ಕರೆಯುವುದಿಲ್ಲ.

ಇನ್ನು ಸೂಪರ್ ಪ್ಯಾಕ್‌ನ ಜಾಹೀರಾತು. ಸ್ಪ್ಯಾನ್‌ಬರ್ಗರ್ ಪಾಠ ಹೇಳಿದ್ದ ಶಾಲೆಗೆ 'ಟೆರರ್ ಹೈ' (ಭಯೋತ್ಪಾದನೆಯ ಹೈಸ್ಕೂಲು) ಎಂಬ ಅಡ್ಡಹೆಸರಿತ್ತು, ಅಲ್ಲಿಂದ ಭಯೋತ್ಪಾದಕ ಹೊರಬಂದಿದ್ದ, ಈ ಕೆಲಸವನ್ನು ಅವರು ಮತದಾರರಿಗೆ ಹೇಳಿಲ್ಲ ಎಂಬುದು ಅದರ ಸಾರ. ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ಪೂರ್ತಿ ಕಟ್ಟುಕಥೆ ಎನ್ನುವಂಥದ್ದು ಕಡಿಮೆ. ಶಾಲೆ 1984ರಲ್ಲಿ ಸೌದಿ ಸರ್ಕಾರದ ಹಣದಿಂದ ಶುರುವಾದದ್ದು. 1999ರಲ್ಲಿ ಅಲ್ಲಿ ತರಗತಿಗೆ ಮೊದಲಿಗನಾಗಿ ತೇರ್ಗಡೆಯಾದ ವಿದ್ಯಾರ್ಥಿಯೊಬ್ಬ ಸೌದಿ ಅರೇಬಿಯಾದಲ್ಲಿ 2003ರಲ್ಲಿ ಬಂಧನಕ್ಕೊಳಗಾಗಿ, ಅಲ್-ಖೈದಾ ಜೊತೆ ಸೇರಿ ಅಧ್ಯಕ್ಷ ಬುಷ್ ಹತ್ಯೆಗೆ ಸಂಚು ಹೂಡಿದ ಆರೋಪದಲ್ಲಿ 2005ರಲ್ಲಿ ವರ್ಜೀನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಅಪರಾಧಿ ಎನಿಸಿದ. 2007ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ಧಾರ್ಮಿಕ ಸ್ವಾತಂತ್ರ್ಯ ಆಯೋಗ, ಪಠ್ಯಗಳನ್ನು ಪರಿಶೀಲಿಸುವವರೆಗೆ ಶಾಲೆಯನ್ನು ಮುಚ್ಚಬೇಕು ಎಂದು ಶಿಫಾರಸು ಮಾಡಿತು. ಮರುವರ್ಷ ಪಠ್ಯಗಳು ಸಿಕ್ಕಾಗ ಹಿಂಸೆಯನ್ನು ಸಮರ್ಥಿಸುವ, ಅನ್ಯಧರ್ಮೀಯರ ಬಗ್ಗೆ ಅಸಹನೆ ಬಿತ್ತುವ ಭಾಗಗಳಿವೆ ಎಂದು ವರದಿ ಮಾಡಿತು. ಆ ಶಾಲೆಯ ಬಗ್ಗೆ ಪ್ರಶ್ನೆಗಳೇ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ತಂತ್ರವಿದ್ದದ್ದು ದಿನಾಂಕಗಳನ್ನು ಕಲಸಿದ್ದರಲ್ಲಿ. ಆ ವಿದ್ಯಾರ್ಥಿ ಶಾಲೆ ಬಿಟ್ಟು ಮೂರು ವರ್ಷಗಳಾದ ಮೇಲೆ ಸ್ಪ್ಯಾನ್‌ಬರ್ಗರ್ ಅಲ್ಲಿಗೆ ಕಾಲಿಟ್ಟರು. ಆತ ಅಪರಾಧಿ ಎನಿಸಿದ್ದು, ಆಯೋಗ ಪಠ್ಯಗಳ ಮೇಲೆ ಬೆರಳಿಟ್ಟದ್ದು, ಎಲ್ಲವೂ ಅವರು ಅಲ್ಲಿಂದ ಹೊರಟ ನಂತರದ ಸಂಗತಿಗಳು. ಅವರು ಕಲಿಸಿದ್ದು ಇಂಗ್ಲಿಷ್ ಸಾಹಿತ್ಯ. ಆಯೋಗದ ಆಕ್ಷೇಪ ಇದ್ದದ್ದು ಸೌದಿ ಪಠ್ಯಪುಸ್ತಕಗಳ ಬಗ್ಗೆ. ಶಾಲೆ ನಡೆಯುತ್ತಿದ್ದ ಒಂದು ಕಟ್ಟಡ ಫೇರ್‌ಫ್ಯಾಕ್ಸ್ ಕೌಂಟಿ ಸರ್ಕಾರದ್ದೇ. ವಿವಾದ ಎದ್ದ ನಂತರ, 2008ರಲ್ಲೂ, ಕೌಂಟಿ ಮಂಡಳಿ ಬಾಡಿಗೆ ಒಪ್ಪಂದವನ್ನು ನವೀಕರಿಸಿತ್ತು. ಕೌಂಟಿಯೇ ಬಾಡಿಗೆ ಎಣಿಸಿಕೊಳ್ಳುತ್ತಿದ್ದ ಕಟ್ಟಡದಲ್ಲಿ ಬದಲಿ ಶಿಕ್ಷಕಿಯೊಬ್ಬರು ಪದ್ಯ-ಗದ್ಯ ಪಾಠ ಹೇಳಿದ್ದು ದೇಶದ್ರೋಹದ ಹೊಸ್ತಿಲಾಗಬೇಕಾದರೆ ಕಲ್ಪನಾಶಕ್ತಿಯನ್ನು ಬಹಳ ದೂರ ಎಳೆಯಬೇಕು.

ಜಾಹೀರಾತು ಹೇಳದೆ ಬಿಟ್ಟದ್ದು ಇದಕ್ಕಿಂತ ದೊಡ್ಡದು. ಆ ನೌಕರಿಯ ಸಾಲು ಇದ್ದ ಕಡತ ಯಾವುದು? ಭದ್ರತಾ ಅರ್ಜಿ. ಅದನ್ನು ಓದಿದ ಸರ್ಕಾರ ಏನು ಮಾಡಿತು? ಅವರಿಗೆ ಬಂದೂಕು ಮತ್ತು ಬಂಧನದ ಅಧಿಕಾರ ಕೊಟ್ಟು ತನಿಖಾಧಿಕಾರಿಯನ್ನಾಗಿ ಮಾಡಿತು. ಆಮೇಲೆ ಸಿಐಎ ತನ್ನದೇ ಪರಿಶೀಲನೆ ನಡೆಸಿ ಅತಿ ಗೋಪ್ಯ ಕೆಲಸಕ್ಕೆ ಸೇರಿಸಿಕೊಂಡಿತು. ಅಂದರೆ ಆ ಶಾಲೆಯ ನೌಕರಿಯಿಂದ ದೇಶದ ಭದ್ರತೆಗೆ ಅಪಾಯವಿದೆಯೇ ಎಂಬ ಪ್ರಶ್ನೆಯನ್ನು, ಅದಕ್ಕೆಂದೇ ಇರುವ ಜನ ಹಿಂದೆಯೇ ಕೇಳಿ ಉತ್ತರ ಕಂಡುಕೊಂಡಿದ್ದರು. ಜಾಹೀರಾತು ಆ ಪ್ರಶ್ನೆಯನ್ನು ಹೊಸದಾಗಿ ಕೇಳಿ ಹಳೆಯ ಉತ್ತರವನ್ನು ಜೇಬಿನಲ್ಲಿ ಇಟ್ಟುಕೊಂಡಿತು.

ಮುಚ್ಚಿಟ್ಟರು ಎಂಬ ಆರೋಪದಲ್ಲಿ ಮಾತ್ರ ಒಂದಿಷ್ಟು ಹುರುಳಿದೆ. ಪ್ರಚಾರದ ಪರಿಚಯ ಪತ್ರದಲ್ಲಿ ಅಂಚೆ ತನಿಖೆ, ಸಿಐಎ ಎಲ್ಲ ಇತ್ತು, ಸೌದಿ ಶಾಲೆ ಇರಲಿಲ್ಲ. ಕಾನೂನಿನ ಪ್ರಕಾರ ಇರಬೇಕಾಗಿಯೂ ಇಲ್ಲ. ಸದನದ ಅಭ್ಯರ್ಥಿಗಳು ಸಲ್ಲಿಸುವ ಹಣಕಾಸು ವಿವರಣೆ ಇತ್ತೀಚಿನ ಒಂದೆರಡು ವರ್ಷಗಳ ಆದಾಯ ಮತ್ತು ಹುದ್ದೆಗಳನ್ನು ಕೇಳುತ್ತದೆಯೇ ಹೊರತು ಹದಿನೈದು ವರ್ಷಗಳ ಹಿಂದಿನದನ್ನಲ್ಲ. ಕೆಲವು ತಿಂಗಳ ಬದಲಿ ಕೆಲಸವನ್ನು ಯಾರು ತಾನೇ ಹಾಕಿಕೊಳ್ಳುತ್ತಾರೆ? ಆದರೂ ಆ ಶಾಲೆಯ ಹೆಸರು ಪತ್ರಿಕೆಗಳಲ್ಲಿ ಎಷ್ಟು ಬಾರಿ ಬಂದಿತ್ತೆಂದು ಮಾಜಿ ಗುಪ್ತಚರ ಅಧಿಕಾರಿಗೆ ಗೊತ್ತಿರದಿರಲು ಸಾಧ್ಯವಿಲ್ಲ. ಪ್ರಚಾರ ಶುರುವಾದ ದಿನವೇ ಅವರೇ ಬಾಯಿಬಿಟ್ಟು, ಸಿಐಎ ಕರೆಗೆ ಕಾಯುತ್ತಾ ಅಲ್ಲಿ ಪಾಠ ಹೇಳಿದೆ ಎಂದಿದ್ದರೆ ಅದೊಂದು ಸ್ವಾರಸ್ಯದ ಉಪಕಥೆಯಾಗುತ್ತಿತ್ತು. ಬೇರೆಯವರು ಅಗೆದು ತೆಗೆದಾಗ ಅದು ಗುಟ್ಟಿನ ರೂಪ ತಾಳಿತು. ಪ್ರಚಾರ ತಂಡದ ಲೆಕ್ಕಾಚಾರದಲ್ಲಿ ಇದೊಂದು ಲೋಪವೇ.

ಕಡತದ ವಿಷಯ ಬಯಲಾದ ಮೇಲೆ ಅವರು ಹಿಡಿದ ದಾರಿ ಚುರುಕಾಗಿತ್ತು. ನೌಕರಿಯನ್ನು ನಿರಾಕರಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಚರ್ಚೆಯನ್ನು ಕಡತದ ಕಡೆಗೆ ತಿರುಗಿಸಿದರು: ನನ್ನ ಭದ್ರತಾ ಅರ್ಜಿಯನ್ನೇ ಬಿಡದವರು ನಾಳೆ ಯಾರದ್ದನ್ನು ಬಿಟ್ಟಾರು ಎಂಬ ದಾಟಿಯಲ್ಲಿ. ವಾಷಿಂಗ್ಟನ್ನಿಗೆ ಹತ್ತಿರದ ಆ ರಾಜ್ಯದಲ್ಲಿ ಸೈನಿಕರು, ನಿವೃತ್ತ ಅಧಿಕಾರಿಗಳು, ಕೇಂದ್ರ ಸರ್ಕಾರದ ಗುತ್ತಿಗೆದಾರರು ಲೆಕ್ಕವಿಲ್ಲದಷ್ಟು. ಅವರಲ್ಲಿ ಅನೇಕರು ಅದೇ ಎಸ್‌ಎಫ್-86 ತುಂಬಿದವರು, ಅದರಲ್ಲಿ ತಮ್ಮ ಹೆಂಡತಿ-ಗಂಡಂದಿರಿಗೂ ಹೇಳದ ಸಂಗತಿಗಳನ್ನು ಬರೆದವರು. ಜಾಹೀರಾತು ಅವರ ಮುಂದೆ ಸೌದಿ ಶಾಲೆಯನ್ನು ಹಿಡಿಯಿತು. ಅವರಲ್ಲಿ ಎಷ್ಟೋ ಮಂದಿಗೆ ಅದರ ಹಿಂದಿದ್ದ ಅರ್ಜಿಯೇ ಕಾಣಿಸಿರಬೇಕು.

ಈ ಸಮರ್ಥನೆಯಲ್ಲಿ ನನಗೆ ಇರುಸುಮುರುಸಾಗುವ ಒಂದು ಅಂಶವಿದೆ. ಸರ್ಕಾರ ನನ್ನನ್ನು ಪರೀಕ್ಷಿಸಿ ಶುದ್ಧ ಎಂದಿದೆ ಎಂಬ ವಾದ ಸ್ಪ್ಯಾನ್‌ಬರ್ಗರ್ ಅವರನ್ನು ಕಾಪಾಡಿತು, ಶಾಲೆಯನ್ನು ಕಾಪಾಡಲಿಲ್ಲ. ಅಲ್ಲಿ ವರ್ಷಗಟ್ಟಲೆ ಪಾಠ ಹೇಳಿದ, ಸಿಐಎ ಮೊಹರು ಇಲ್ಲದ ಶಿಕ್ಷಕಿಯೊಬ್ಬರು ಸ್ಪರ್ಧಿಸಿದ್ದರೆ ಅವರಿಗೆ ಯಾವ ಉತ್ತರ ಇರುತ್ತಿತ್ತು? ಸಾವಿರಾರು ಮಕ್ಕಳು ಓದಿ ಹೋದ ಶಾಲೆ ಒಬ್ಬ ಅಪರಾಧಿಯ ಹೆಸರಿನಿಂದ ಗುರುತಿಸಿಕೊಂಡಿತು. ಅದು 2016ರಲ್ಲೇ ಮುಚ್ಚಿ, ಕಿಂಗ್ ಅಬ್ದುಲ್ಲಾ ಅಕಾಡೆಮಿ ಎಂಬ ಹೊಸ ಶಾಲೆ ಹರ್ನ್‌ಡನ್ ಊರಿನಲ್ಲಿ ಅದರ ಜಾಗಕ್ಕೆ ಬಂದಿತ್ತು. ಜಾಹೀರಾತು ಪ್ರಸಾರವಾಗುವಾಗ ಇಸ್ಲಾಮಿಕ್ ಸೌದಿ ಅಕಾಡೆಮಿ ಎಂಬ ಸಂಸ್ಥೆಯೇ ಇರಲಿಲ್ಲ.

ಅಕ್ಟೋಬರ್ 15ರಂದು ಕಲ್‌ಪೆಪರ್‌ನ ಜರ್ಮಾನಾ ಸಮುದಾಯ ಕಾಲೇಜಿನಲ್ಲಿ ಇಬ್ಬರೂ ಮುಖಾಮುಖಿಯಾದರು. ಬ್ರ್ಯಾಟ್ ಆ ರಾತ್ರಿ ಸದನದ ಡೆಮಾಕ್ರಟಿಕ್ ನಾಯಕಿ ನ್ಯಾನ್ಸಿ ಪೆಲೋಸಿ ಅವರ ಹೆಸರನ್ನು ಎಷ್ಟು ಬಾರಿ ಎತ್ತಿದರೆಂದರೆ ಪತ್ರಕರ್ತರು ಎಣಿಸತೊಡಗಿದರು. ಕೊನೆಯ ಮಾತಿನಲ್ಲಿ ಸ್ಪ್ಯಾನ್‌ಬರ್ಗರ್, ತಾನು ಯಾರ ವಿರುದ್ಧ ಸ್ಪರ್ಧಿಸುತ್ತಿದ್ದೇನೆ ಎಂಬುದು ಬ್ರ್ಯಾಟ್ ಅವರಿಗೆ ಗೊತ್ತೋ ಇಲ್ಲವೋ ಎಂದು ಚುಚ್ಚಿ, ನನ್ನ ಹೆಸರು ಅಬಿಗೈಲ್ ಸ್ಪ್ಯಾನ್‌ಬರ್ಗರ್ ಎಂದರು. ಆ ತುಣುಕು ದೇಶದ ತುಂಬ ಓಡಾಡಿತು. ಶಾಲೆಯ ಜಾಹೀರಾತೂ ಪೆಲೋಸಿ ಜಪವೂ ಒಂದೇ ಮೂಸೆಯವು: ಎದುರಿಗಿರುವ ವ್ಯಕ್ತಿಯನ್ನು ಪಕ್ಕಕ್ಕೆ ಸರಿಸಿ ಅವರ ಜಾಗದಲ್ಲಿ ಮತದಾರರು ಆಗಲೇ ಹೆದರುವ ಹೆಸರೊಂದನ್ನು ನಿಲ್ಲಿಸುವುದು.

ನವೆಂಬರ್ 6ರಂದು ಸ್ಪ್ಯಾನ್‌ಬರ್ಗರ್ ಶೇ 50.3 ಮತ ಪಡೆದು ಗೆದ್ದರು. ಬ್ರ್ಯಾಟ್‌ಗೆ ಶೇ 48.4. ಅಂತರ ಏಳು ಸಾವಿರಕ್ಕೂ ಕಡಿಮೆ. ಹತ್ತರಲ್ಲಿ ಎಂಟು ಕೌಂಟಿಗಳಲ್ಲಿ ಬ್ರ್ಯಾಟ್ ಮುಂದಿದ್ದರು. ಹೆನ್‌ರೈಕೊ ಮತ್ತು ಚೆಸ್ಟರ್‌ಫೀಲ್ಡ್ ಎರಡೇ ಸ್ಪ್ಯಾನ್‌ಬರ್ಗರ್ ಕಡೆಗೆ ವಾಲಿದವು, ಆ ಎರಡರಲ್ಲಿ ಸಿಕ್ಕ 30 ಸಾವಿರಕ್ಕೂ ಹೆಚ್ಚಿನ ಮುನ್ನಡೆ ಉಳಿದ ಎಂಟನ್ನೂ ಮುಳುಗಿಸಿತು. ಜಾಹೀರಾತು ಸೋಲಿಸಿತು ಅಥವಾ ಗೆಲ್ಲಿಸಿತು ಎಂದು ಈ ಲೆಕ್ಕದಿಂದ ಹೇಳಲಾಗದು. ಆ ವರ್ಷ ಉಪನಗರಗಳ ಮಹಿಳೆಯರು ದೇಶದಾದ್ಯಂತ ರಿಪಬ್ಲಿಕನ್ನರಿಂದ ದೂರ ಸರಿದಿದ್ದರು. ವರ್ಜೀನಿಯಾದಲ್ಲೇ ಇಲೇನ್ ಲೂರಿಯಾ, ಜೆನಿಫರ್ ವೆಕ್ಸ್‌ಟನ್ ಇನ್ನೆರಡು ಸ್ಥಾನಗಳನ್ನು ಕಿತ್ತುಕೊಂಡರು. ಆರೋಗ್ಯ ವಿಮೆಯ ಚರ್ಚೆ ಎಲ್ಲವನ್ನೂ ಮೀರಿಸಿತ್ತು. ಮೇಲಾಗಿ ಬ್ರ್ಯಾಟ್, ಎಲ್ಲಿ ಹೋದರೂ ಹೆಂಗಸರು ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ ಎಂಬರ್ಥದ ಮಾತನ್ನು 2017ರಲ್ಲೇ ಆಡಿ, ಆ ಹೆಂಗಸರಿಗೆ ಸಂಘಟನೆಯಾಗಲು ಕಾರಣ ಒದಗಿಸಿದ್ದರು. ಇಷ್ಟು ತೆಳುವಾದ ಅಂತರದಲ್ಲಿ ಆ ಜಾಹೀರಾತು ಹಳ್ಳಿಯ ಕೌಂಟಿಗಳಲ್ಲಿ ಬ್ರ್ಯಾಟ್ ಮತಗಳನ್ನು ಗಟ್ಟಿ ಮಾಡಿರಲೂಬಹುದು, ಉಪನಗರಗಳಲ್ಲಿ ಅಸಹ್ಯ ಹುಟ್ಟಿಸಿರಲೂಬಹುದು.

ಸದನದಲ್ಲಿ ಸ್ಪ್ಯಾನ್‌ಬರ್ಗರ್ ಮೂರು ಅವಧಿ ಇದ್ದರು. ಕೊನೆಯ ಅವಧಿಯಲ್ಲಿ ಗುಪ್ತಚರ ಸಮಿತಿಯ ಸದಸ್ಯೆಯೂ ಆದರು. 2025ರ ನವೆಂಬರ್‌ನಲ್ಲಿ ವರ್ಜೀನಿಯಾದ ಮೊದಲ ಮಹಿಳಾ ಗವರ್ನರ್ ಆಗಿ ಆಯ್ಕೆಯಾದರು.